ಸ್ಪೈಕ್ ಪ್ರೋಟೀನ್ ಭಯ: ಮೊದಲು ಅಮ್ಮನ ಸರ್ಟಿಫಿಕೇಟ್ ನೋಡಿ

ಎಂಆರ್‌ಎನ್‌ಎ ಲಸಿಕೆಯ ಸ್ಪೈಕ್ ಪ್ರೋಟೀನ್ ರಕ್ತನಾಳ ಹಾಳುಮಾಡುತ್ತದೆ ಎಂಬ ವಾಟ್ಸಾಪ್ ವಿಡಿಯೊ ನೋಡಿ, ವಿರಾಜಪೇಟೆಯಲ್ಲಿರುವ ಅಮ್ಮನಿಗೂ ದುಬೈಯಲ್ಲಿ ಫೈಜರ್ ಹಾಕಿಸಿಕೊಂಡ ತಮ್ಮನಿಗೂ ಏನಾದೀತು ಎಂದು ಕೇಳಿದ್ದೀರಿ. ಸ್ಪೈಕ್ ಎಂದರೆ ಕೊರೊನಾ ವೈರಸ್‌ನ ಮೈಮೇಲಿನ ಮುಳ್ಳಿನಂಥ ಪ್ರೋಟೀನ್; ಅದನ್ನು ತಯಾರಿಸುವ ಸೂಚನೆಯನ್ನು ದೇಹಕ್ಕೆ ಕೊಡುವುದು ಎಂಆರ್‌ಎನ್‌ಎ.

ಅಮ್ಮನ ಕೋವಿನ್ ಸರ್ಟಿಫಿಕೇಟ್ ತೆಗೆಯಿರಿ. ಕೊಡಗಿನಲ್ಲಿ ಹೆಚ್ಚಿನವರಿಗೆ ಸಿಕ್ಕಿದ್ದು ಕೋವಿಶೀಲ್ಡ್ ಇಲ್ಲವೇ ಕೋವ್ಯಾಕ್ಸಿನ್; ಎರಡೂ ಎಂಆರ್‌ಎನ್‌ಎ ಅಲ್ಲ. ಕೋವ್ಯಾಕ್ಸಿನ್‌ನಲ್ಲಿರುವುದು ನಿಷ್ಕ್ರಿಯಗೊಳಿಸಿದ ವೈರಸ್. ಕೋವಿಶೀಲ್ಡ್‌ನಿಂದಲೂ ದೇಹ ಸ್ಪೈಕ್ ತಯಾರಿಸುತ್ತದೆ, ನಿಜ. ಆದರೆ ಅದರ ಅಪರೂಪದ ರಕ್ತ ಹೆಪ್ಪುಗಟ್ಟುವ ತೊಂದರೆಗೆ ಕಾರಣ ಪಿಎಫ್-4 ಎಂಬ ಪ್ಲೇಟ್‌ಲೆಟ್ ಪ್ರೋಟೀನಿನ ವಿರುದ್ಧ ಹುಟ್ಟುವ ಪ್ರತಿಕಾಯ. ಅದು ಕಾಣಿಸಿಕೊಳ್ಳುವುದು ಮೊದಲ ಕೆಲವು ವಾರಗಳಲ್ಲಿ, ವರ್ಷಗಳು ಕಳೆದ ಮೇಲಲ್ಲ.

ಇನ್ನು ತಮ್ಮನ ವಿಷಯ. ಫೈಜರ್‌ನ ಒಂದು ಡೋಸ್‌ನಲ್ಲಿ 30 ಮೈಕ್ರೋಗ್ರಾಂ ಎಂಆರ್‌ಎನ್‌ಎ ಇರುತ್ತದೆ. ಅದರಿಂದ ತಯಾರಾಗುವ ಸ್ಪೈಕ್‌ನ 986, 987ನೇ ಜಾಗಗಳಲ್ಲಿ ಪ್ರೋಲಿನ್ ಎಂಬ ಅಮೈನೋ ಆಮ್ಲ ಕೂರಿಸಿ ಆಕಾರ ಬದಲಾಗದಂತೆ ಬಿಗಿ ಮಾಡಿದ್ದಾರೆ.

ಇಂಥ ವಿಡಿಯೊಗಳು ಮುಚ್ಚಿಡುವುದು ಪ್ರಮಾಣವನ್ನು. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ ಸೇರಿಸಿದ ಬೋರ್ಡೋ ಎಂಬ ಶಿಲೀಂಧ್ರನಾಶಕ ದ್ರಾವಣ ಮೆಣಸಿನ ಬಳ್ಳಿಯನ್ನು ಕಾಯುತ್ತದೆ. ಬರೀ ಮೈಲುತುತ್ತ ಗಟ್ಟಿಯಾಗಿ ಕಲಸಿ ಹೊಡೆದರೆ ಎಲೆ ಸುಟ್ಟುಹೋಗುತ್ತದೆ. ಸ್ಪೈಕ್ ಲೆಕ್ಕವೂ ಹಾಗೆಯೇ. ಜೀವಕೋಶಗಳಿಗೆ ಹಾನಿ ತೋರಿಸುವ ಲ್ಯಾಬ್ ಪ್ರಯೋಗಗಳಲ್ಲಿ ಸ್ಪೈಕ್ ಅನ್ನು ಸಾಮಾನ್ಯವಾಗಿ ಮಿಲಿಲೀಟರಿಗೆ ಮೈಕ್ರೋಗ್ರಾಂ ಲೆಕ್ಕದಲ್ಲಿ ಸುರಿಯುತ್ತಾರೆ. ಇನ್ನೊಂದು ಎಂಆರ್‌ಎನ್‌ಎ ಲಸಿಕೆಯಾದ ಮಾಡರ್ನಾದ 100 ಮೈಕ್ರೋಗ್ರಾಂ ಡೋಸ್ ಪಡೆದ 13 ಜನರ ರಕ್ತವನ್ನು 2021ರಲ್ಲಿ ಅಳೆದಾಗ ಸ್ಪೈಕ್‌ನ ಎಸ್1 ಎಂಬ ತುಂಡು ಮಿಲಿಲೀಟರಿಗೆ ಸರಾಸರಿ ಗರಿಷ್ಠ 68 ಪಿಕೋಗ್ರಾಂ ಇತ್ತು. 14ನೇ ದಿನಕ್ಕೆ ಪತ್ತೆಯಾಗಲಿಲ್ಲ. ಮೈಕ್ರೋಗ್ರಾಂ ಎಂದರೆ ಹತ್ತು ಲಕ್ಷ ಪಿಕೋಗ್ರಾಂ. ಹದಿಮೂರೇ ಜನರ ಅಧ್ಯಯನ ಚಿಕ್ಕದು, ಆದರೂ ಅಂತರ ಸಾವಿರಾರು ಪಟ್ಟು.

ಹಾಗೆಂದು ಅಪಾಯವೇ ಇಲ್ಲ ಎನ್ನಲಾರೆ. ಹರೆಯದ ಹುಡುಗರಲ್ಲಿ, ಯುವಕರಲ್ಲಿ, ಮುಖ್ಯವಾಗಿ ಎರಡನೇ ಡೋಸ್ ಆಗಿ ವಾರದೊಳಗೆ, ಅಪರೂಪಕ್ಕೆ ಹೃದಯದ ಸ್ನಾಯುವಿನ ಉರಿಯೂತ ಬರುತ್ತದೆ. ಹಾಗಾದ ಕೆಲವರ ರಕ್ತದಲ್ಲಿ ಪ್ರತಿಕಾಯಕ್ಕೆ ಅಂಟದೆ ಉಳಿದ ಸ್ಪೈಕ್ ಸಿಕ್ಕಿದೆ. ಕಾಯಿಲೆಗೆ ಅದೇ ಕಾರಣವೆಂದು ಸಾಬೀತಾಗಿಲ್ಲ. ಆ ವಾರದಲ್ಲಿ ಎದೆನೋವು, ಉಸಿರುಕಟ್ಟುವುದು, ಎದೆ ಡವಗುಟ್ಟುವುದು ಕಂಡರೆ ಕೂಡಲೇ ಇಸಿಜಿ, ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತೋರಿಸುವ ಟ್ರೊಪೋನಿನ್ ರಕ್ತಪರೀಕ್ಷೆ ಮಾಡಿಸಬೇಕು.

ದೇಹದಿಂದ ಸ್ಪೈಕ್ ತೆಗೆಯುತ್ತೇವೆಂದು ಮಾರುವ ‘ಸ್ಪೈಕ್ ಡಿಟಾಕ್ಸ್’ ಮಾತ್ರೆಗೆ ದುಡ್ಡು ಸುರಿಯಬೇಡಿ. ಲಕ್ಷಣವಿಲ್ಲದೆ, ರಕ್ತ ಹೆಪ್ಪುಗಟ್ಟಿದ ಸುಳಿವು ಹುಡುಕುವ ಡಿ-ಡೈಮರ್ ಪರೀಕ್ಷೆ ಮಾಡಿಸಲೂ ಬೇಡಿ. ವಯಸ್ಸಾದಂತೆ ಅದು ತಾನಾಗಿ ಏರುತ್ತದೆ, ಅಮ್ಮನ ವರದಿ ನೋಡಿ ಸುಮ್ಮನೆ ಗಾಬರಿಯಾದೀತು. ಅವರಿಗೆ ಈಗ ಎದೆನೋವು ಬಂದರೆ ಲಸಿಕೆಯ ಮೇಲೆ ಹಾಕಿ ಕೂರದೆ ಆಸ್ಪತ್ರೆಗೆ ಕರೆದೊಯ್ಯಿರಿ. ಬಿಪಿ, ಸಕ್ಕರೆ ಅಳೆಸಲು ನೋವಿಗಾಗಿ ಕಾಯಬೇಕಿಲ್ಲ.