‘ನೆಟ್ಟಗೆ ಕೂತ್ಕೊಳ್ಳಿ’ ಅಂದರೆ ಕೆಲಸ ಕೆಟ್ಟಿತು

ಪ್ರಶ್ನೆ: ಮಗಳಿಗೆ 16 ವರ್ಷ. ಹಲ್ಲಿಗೆ ಕ್ಲಿಪ್ ಹಾಕಿಸಿದ್ದೇವೆ. ಮಾರ್ಚಿನಲ್ಲಿ, ಆಗಸ್ಟಿನಲ್ಲಿ ಮುಖದ ತ್ರೀಡಿ ಸ್ಕ್ಯಾನ್ ಆಯಿತು. ಎರಡನೆಯದರಲ್ಲಿ ಗದ್ದ ಮುಂದೆ ಬಂದ ಹಾಗೆ ಕಾಣುತ್ತದೆ. ದವಡೆ ಬೆಳೀತಾ ಇದೆಯೇ?
– ಒಬ್ಬ ತಾಯಿ, ಗದಗ

ಇದೇ ಪ್ರಶ್ನೆ ಎಷ್ಟನೇ ಸಲವೋ, ಎಣಿಸುವುದನ್ನೇ ಬಿಟ್ಟಿದ್ದೇನೆ. ದವಡೆ ಇರಲಿ ತಾಯಿ, ಮೊದಲು ಸ್ಕ್ಯಾನಿನಲ್ಲಿ ಅವಳು ತಲೆ ಎತ್ತಿದ್ದಳೋ ತಗ್ಗಿಸಿದ್ದಳೋ ನೋಡಿ. ಕಣ್ಣಿನ ಮಟ್ಟದಿಂದ ಗದ್ದದ ತುದಿಗೆ 10 ಸೆಂಟಿಮೀಟರ್ ಅಂತಿಟ್ಟುಕೊಳ್ಳಿ. ತಲೆ 5 ಡಿಗ್ರಿ ಮೇಲೆದ್ದರೆ ಸಾಕು, ಗದ್ದ ಹತ್ತಿರಹತ್ತಿರ 9 ಮಿಲಿಮೀಟರ್ ಮುಂದೆ ಕಾಣುತ್ತದೆ. ಐದು ತಿಂಗಳಲ್ಲಿ ಈ ವಯಸ್ಸಿನ ಹುಡುಗಿಯ ದವಡೆ ಅಷ್ಟು ಬೆಳೆಯುವುದಿಲ್ಲ.

‘ತ್ರೀಡಿ ಅಲ್ವಾ ಸರ್, ಕಂಪ್ಯೂಟರಿನಲ್ಲಿ ತಿರುಗಿಸಿಕೊಂಡರಾಯ್ತು’ ಅನ್ನುವ ಟೆಕ್ನಿಶಿಯನ್‌ಗಳಿದ್ದಾರೆ. ತಿರುಗಿಸಿ, ಬೇಡ ಅನ್ನಲ್ಲ. ಎಳೆದು ಬಿಗಿಯಾದ ಕತ್ತಿನ ಚರ್ಮ, ಅರೆ ತೆರೆದ ತುಟಿ, ಕಚ್ಚಿ ಹಿಡಿದ ಹಲ್ಲು ಹೇಗೆ ಸರಿಮಾಡುತ್ತೀರಿ? ಅದೂ ಯಾವ ಗೆರೆಗೆ ಹೊಂದಿಸಿ? ಕಿವಿರಂಧ್ರದ ಮೇಲಂಚಿನಿಂದ ಕಣ್ಣುಗೂಡಿನ ಕೆಳಅಂಚಿಗೆ ಎಳೆಯುವ ಫ್ರಾಂಕ್‌ಫರ್ಟ್ ಗೆರೆ 1880ರ ದಶಕದ್ದು. ಮಾನವಶಾಸ್ತ್ರದವರು ತಲೆಬುರುಡೆ ಅಳೆಯುವುದಕ್ಕೆ ಮಾಡಿಕೊಂಡದ್ದು. ಬುರುಡೆ ನಾಚಿಕೊಳ್ಳುವುದಿಲ್ಲ. ಬದುಕಿರುವವರು ಆರಾಮಾಗಿ ನಿಂತರೆ ಅದೇ ಗೆರೆ ಒಬ್ಬರಲ್ಲಿ ಮೇಲಕ್ಕೆ, ಇನ್ನೊಬ್ಬರಲ್ಲಿ ಕೆಳಕ್ಕೆ ವಾಲಿರುತ್ತದೆ.

ನಾನು ನಂಬುವುದು ತಲೆಯ ಸಹಜ ನಿಲುವನ್ನು, ಅಂದರೆ ಯಾರೂ ಹಿಡಿದು ತಿದ್ದದೆ ತಲೆ ತಾನಾಗಿ ನಿಲ್ಲುವ ರೀತಿಯನ್ನು. 1958ರಲ್ಲಿ ಮೂರ್ರೀಸ್ ಮತ್ತು ಕೀನ್ ಎಂಬ ಸಂಶೋಧಕರು ಇದರ ಬಗ್ಗೆ ಬರೆದರು. ಸರಿಯಾಗಿ ಮಾಡಿದರೆ ಮತ್ತೊಮ್ಮೆ ತೆಗೆದಾಗ ವ್ಯತ್ಯಾಸ ಸುಮಾರು 2 ಡಿಗ್ರಿಯಷ್ಟೇ. ಹಿಂದೆ ಒರಗದೆ ಸ್ಟೂಲ್ ಮೇಲೆ ಕೂರಿಸಬೇಕು, ಪಾದ ನೆಲಕ್ಕೆ ತಾಗಬೇಕು. ತಲೆಯನ್ನು ಹಿಂದೆ ಮುಂದೆ ತೂಗಿಸಿ, ತೂಗು ಕಡಿಮೆಯಾಗುತ್ತಾ ತಾನಾಗಿಯೇ ನಿಲ್ಲುವಲ್ಲಿ ಬಿಡಬೇಕು. ಆಮೇಲೆ ಎದುರಿನ ಕನ್ನಡಿಯಲ್ಲಿ ಅವರದೇ ಕಣ್ಣು ನೋಡಿಕೊಳ್ಳಲಿ. ಒಮ್ಮೆ ಉಗುಳು ನುಂಗಿ ತುಟಿ ಸಡಿಲ ಬಿಡಲಿ, ದವಡೆಹಲ್ಲು ಮೆಲ್ಲಗೆ ತಾಗಿರಲಿ.

ಒಂದು ಮಾತು ಮಾತ್ರ ನಾನು ಹೇಳುವುದಿಲ್ಲ: ‘ನೆಟ್ಟಗೆ ಕೂತ್ಕೊಳ್ಳಿ’. ಹಾಗಂದ ಕೂಡಲೇ ನಮ್ಮವರು ಶಾಲೆಗೆ ಇನ್‌ಸ್ಪೆಕ್ಟರ್ ಬಂದ ಹಾಗೆ ಎದೆ ಉಬ್ಬಿಸಿ ಗದ್ದ ಎತ್ತುತ್ತಾರೆ. ಮೇಲೆ ‘ನೆಟ್ಟಗs ಕುಂತೀನಲ್ರೀ’ ಅಂತ ವಾದ ಬೇರೆ. ಹಾವೇರಿಯಿಂದ ಬಸ್ಸಿನಲ್ಲಿ ತೂಕಡಿಸುತ್ತಾ ಬಂದವರನ್ನು ಹದಿನೈದು ನಿಮಿಷ ಸುಮ್ನೆ ಕೂರಿಸುತ್ತೇನೆ. ಕತ್ತು ಹಿಡಿದಿರುವಾಗ ತೆಗೆದ ಸ್ಕ್ಯಾನ್ ಯಾರಿಗೂ ಬೇಡ.

ನೀವು ಹೀಗೆ ಮಾಡಿ. ಎರಡೂ ಸ್ಕ್ಯಾನನ್ನು ಹಣೆ ಮತ್ತು ಮೂಗಿನ ಬುಡಕ್ಕೆ ಹೊಂದಿಸಿ ಒಂದರ ಮೇಲೊಂದು ಇಟ್ಟು ತೋರಿಸಲು ಹೇಳಿ. ಅಲ್ಲೂ ಗದ್ದ ಮುಂದಿದ್ದರೆ ಎರಡರಲ್ಲೂ ಹಲ್ಲು ಒಂದೇ ಥರ ಕೂಡಿತ್ತೇ ಕೇಳಿ. ಕೂಡಿತ್ತು ಅಂದರೆ ಆಗ ದವಡೆಯ ಮಾತು.

ಪ್ರಶ್ನೆ: ಗದ್ದಕ್ಕೆ ಆಸರೆ ಕೊಟ್ಟರೆ ತಲೆ ಅಲುಗಾಡಲ್ಲ ಅಲ್ವಾ?
– ಧಾರವಾಡ

ಎಲುಬು ನೋಡುವ ಸಿಟಿ ಸ್ಕ್ಯಾನಿಗೆ ಸರಿ. ಚರ್ಮದ ಆಕಾರ ಬೇಕಾದಾಗ ಅದೇ ಆಸರೆ ಗದ್ದವನ್ನು ಒತ್ತಿ ಕೆಡಿಸುತ್ತದೆ.

ಪ್ರಶ್ನೆ: ನಮ್ಮಲ್ಲೊಬ್ಬರು ಎಣ್ಣೆ ತಿಕ್ಕಿ ಒಂದೇ ವಾರದಲ್ಲಿ ದವಡೆ ಚೂಪು ಮಾಡುತ್ತಾರೆ. ಮೊದಲಿನ ಮತ್ತು ನಂತರದ ಫೋಟೊ ತೋರಿಸಿದರು.
– ಹುಬ್ಬಳ್ಳಿ

ಮೊದಲಿನದರಲ್ಲಿ ತಲೆ ತಗ್ಗಿಸಿ ನಿಲ್ಲಿಸಿರುತ್ತಾರೆ, ಎರಡನೆಯದರಲ್ಲಿ ಎತ್ತಿಸಿರುತ್ತಾರೆ. ಮೇಲಿನ 9 ಮಿಲಿಮೀಟರಿನ ಲೆಕ್ಕ ಇನ್ನೊಮ್ಮೆ ಓದಿ. ಆ ಮನುಷ್ಯನಿಗೂ ಲೆಕ್ಕ ಚೆನ್ನಾಗಿಯೇ ಗೊತ್ತು. ದುಡ್ಡು ಕೊಟ್ಟಾಗಿದ್ದರೆ ನಾನೇನೂ ಮಾಡಲಾರೆ.

ಪ್ರಶ್ನೆ: ಕ್ಯಾಮೆರಾದ ತ್ರೀಡಿ ಸ್ಕ್ಯಾನಿನಿಂದ ವಿಕಿರಣ ಬರುತ್ತದೆಯೇ?
– ಹಾವೇರಿ

ಇಲ್ಲ. ಅದು ಬರೀ ಬೆಳಕು.

ಪ್ರಶ್ನೆ: ಗಡ್ಡ ತೆಗೆಯಲೇಬೇಕೇ? ಮುಂದಿನ ತಿಂಗಳು ಮದುವೆ ಇದೆ.
– ಹುಬ್ಬಳ್ಳಿ

ತೆಗೆಯಲೇಬೇಕು. ಕೂದಲಿನ ಅಡಿಯ ಚರ್ಮ ಕ್ಯಾಮೆರಾಕ್ಕೆ ಕಾಣುವುದಿಲ್ಲ. ಇಲ್ಲವಾದರೆ ಮದುವೆ ಮುಗಿಸಿಕೊಂಡು ಬನ್ನಿ.