ಮನೆಯ ಬಿಯರ್, ಅಂಗಡಿಯ ಬಿಯರ್: ದಾಕ್ಷಿಣ್ಯವಿಲ್ಲದೆ ರುಚಿ ನೋಡುವುದು ಹೇಗೆ?

ಪ್ರಶ್ನೆ: ಮೂರು ವರ್ಷಗಳಿಂದ ನಮ್ಮ ಮನೆಯ ಗ್ಯಾರೇಜಿನಲ್ಲಿ ತಿಂಗಳಿಗೊಮ್ಮೆ 20 ಲೀಟರಿನಷ್ಟು ಪೇಲ್ ಏಲ್ ಎಂಬ ಹೊಂಬಣ್ಣದ ಬಿಯರ್ ತಯಾರಿಸುತ್ತಿದ್ದೇನೆ. ವಾರಾಂತ್ಯದಲ್ಲಿ ಬರುವ ಕನ್ನಡದ ಗೆಳೆಯರೆಲ್ಲರೂ ‘ತುಂಬ ಚೆನ್ನಾಗಿದೆ’ ಎನ್ನುತ್ತಾರೆ. ಅದು ನಿಜವೋ ದಾಕ್ಷಿಣ್ಯವೋ ತಿಳಿಯದು. ಅಂಗಡಿಯ ಬಿಯರಿನ ಪಕ್ಕದಲ್ಲಿಟ್ಟು ಸರಿಯಾಗಿ ಪರೀಕ್ಷಿಸುವ ಕ್ರಮ ಯಾವುದು? ಕೆಲವು ಸಲ ನನ್ನ ಬಿಯರಿನಲ್ಲಿ ಆಸ್ಪತ್ರೆಯ ವಾಸನೆ ಬರುವಂತೆ ನನಗೆ ಅನ್ನಿಸುತ್ತದೆ, ಬೇರೆ ಯಾರೂ ಹೇಳುವುದಿಲ್ಲ. — ಓದುಗರೊಬ್ಬರು, ಪೋರ್ಟ್‌ಲ್ಯಾಂಡ್, ಅಮೆರಿಕ

ಉತ್ತರ: ಮನೆಗೆ ಕರೆದು ಲೋಟ ಕೈಗಿತ್ತವರ ಮುಖ ನೋಡಿ ‘ಇದರಲ್ಲಿ ದೋಷವಿದೆ’ ಎನ್ನುವ ಅಭ್ಯಾಸ ನಮ್ಮವರಲ್ಲಿ ಇಲ್ಲ. ಆದ್ದರಿಂದ ಯಾವ ಲೋಟದಲ್ಲಿ ನಿಮ್ಮ ಬಿಯರ್ ಇದೆ ಎಂಬುದು ಕುಡಿಯುವವರಿಗೂ ನಿಮಗೂ ಗೊತ್ತಾಗದಂತೆ ಮಾಡುವುದೇ ಮೊದಲ ಕೆಲಸ. ಇದಕ್ಕೆ ತ್ರಿಕೋನ ಪರೀಕ್ಷೆ ಎಂಬ ಸರಳ ವಿಧಾನವಿದೆ. 1940ರ ದಶಕದಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬ್ರೂವರಿಯಲ್ಲಿ ರೂಪುಗೊಂಡ ಈ ಪರೀಕ್ಷೆಯನ್ನು ಇಂದಿಗೂ ಬ್ರೂವರಿಗಳ ಪ್ರಯೋಗಾಲಯಗಳಲ್ಲಿ ಬಳಸುತ್ತಾರೆ. ಪ್ರತಿಯೊಬ್ಬರಿಗೂ ಮೂರು ಲೋಟ ಕೊಡಬೇಕು. ಅವುಗಳಲ್ಲಿ ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಇನ್ನೊಂದು. ಕೇಳಬೇಕಾದ ಪ್ರಶ್ನೆ ‘ಯಾವುದು ಚೆನ್ನಾಗಿದೆ’ ಎಂಬುದಲ್ಲ, ‘ಬೇರೆಯಾಗಿರುವುದು ಯಾವುದು’ ಎಂಬುದು ಮಾತ್ರ. ಈ ಪ್ರಶ್ನೆಗೆ ಉತ್ತರಿಸುವಾಗ ಯಾರ ಮನಸ್ಸೂ ನೋಯುವುದಿಲ್ಲವಾದ್ದರಿಂದ ದಾಕ್ಷಿಣ್ಯಕ್ಕೆ ಅಲ್ಲಿ ಕೆಲಸವಿಲ್ಲ.

ಹೋಲಿಕೆಗೆ ಆರಿಸುವ ಅಂಗಡಿಯ ಬಿಯರ್ ನಿಮ್ಮದರ ಜಾತಿಯದೇ ಆಗಿರಬೇಕು. ಪೇಲ್ ಏಲ್ ಪಕ್ಕದಲ್ಲಿ ಲಾಗರ್ ಎಂಬ, ತಂಪಿನಲ್ಲಿ ಹುದುಗಿಸಿದ ತೆಳು ಬಿಯರ್ ಇಟ್ಟರೆ ಯಾರಾದರೂ ಗುರುತಿಸುತ್ತಾರೆ, ಕಲಿಯುವುದು ಏನೂ ಇರುವುದಿಲ್ಲ. ನಾನಾಗಿದ್ದರೆ ಸಿಯೆರಾ ನೆವಾಡಾ ಪೇಲ್ ಏಲ್ ತರುತ್ತಿದ್ದೆ. ಮನೆಯಲ್ಲಿ ಬಿಯರ್ ಮಾಡುತ್ತಲೇ ಕೈ ಪಳಗಿಸಿಕೊಂಡ ಕೆನ್ ಗ್ರಾಸ್‌ಮನ್ ಅವರು ಕ್ಯಾಲಿಫೋರ್ನಿಯಾದ ಚಿಕೋ ಎಂಬ ಊರಿನಲ್ಲಿ 1980ರಲ್ಲಿ ತಯಾರಿಸಲು ಆರಂಭಿಸಿದ ಬಿಯರ್ ಅದು. ಅದರ ಚಕ್ಕೋತದಂಥ ಪರಿಮಳಕ್ಕೆ ಕಾರಣವಾದ ಕ್ಯಾಸ್ಕೇಡ್ ಹಾಪ್ಸ್ (ಹಾಪ್ಸ್ ಎಂದರೆ ಬಿಯರಿಗೆ ಕಹಿ, ಪರಿಮಳ ಕೊಡುವ ಹೂ) ನಿಮ್ಮ ಒರೆಗಾನ್ ರಾಜ್ಯದಲ್ಲೇ ಬೆಳೆಸಿ, 1972ರಲ್ಲಿ ರೈತರ ಕೈಗೆ ಕೊಟ್ಟ ತಳಿ. ಇನ್ನೂ ಮುಖ್ಯವಾದ ಸಂಗತಿಯೆಂದರೆ, ನಿಮ್ಮ ಬಿಯರಿನ ಹಾಗೆಯೇ ಆ ಬಿಯರೂ ಬಾಟಲಿಯೊಳಗೇ ಯೀಸ್ಟಿನಿಂದ ಗ್ಯಾಸ್ ತುಂಬಿಕೊಳ್ಳುತ್ತದೆ. ಹೀಗಾಗಿ ಹೋಲಿಕೆ ನ್ಯಾಯವಾಗಿರುತ್ತದೆ.

ಎರಡೂ ಬಾಟಲಿಗಳನ್ನು ಹಿಂದಿನ ದಿನವೇ ಒಂದೇ ಫ್ರಿಜ್ಜಿನಲ್ಲಿ ನೆಟ್ಟಗೆ ನಿಲ್ಲಿಸಿಡಿ. ಗಸಿ ತಳದಲ್ಲಿ ಕೂರಬೇಕು. ಬಗ್ಗಿಸುವ ಹದಿನೈದು ಇಪ್ಪತ್ತು ನಿಮಿಷ ಮುಂಚೆ ಹೊರಗೆ ತೆಗೆಯಿರಿ, ಏಕೆಂದರೆ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರುವ ಬಿಯರಿನಲ್ಲಿ ಗುಣವೂ ದೋಷವೂ ಮೂಗಿಗೆ ತಲುಪುವುದಿಲ್ಲ. ಏಲ್‌ಗೆ 8ರಿಂದ 12 ಡಿಗ್ರಿ ಸೆಲ್ಸಿಯಸ್ ಹಿತವಾದದ್ದು. ರುಚಿ ನೋಡದ ಒಬ್ಬರು ಬೇರೆ ಕೋಣೆಯಲ್ಲಿ ಬಗ್ಗಿಸಲಿ. ಬಾಟಲಿಯ ತಳದ ಎರಡು ಬೆರಳಿನಷ್ಟನ್ನು ಯಾರಿಗೂ ಕೊಡಬೇಡಿ. ಗಸಿ ಬೆರೆತ ಲೋಟ ಅದೇ ಬಾಟಲಿಯ ಮೊದಲ ಲೋಟಕ್ಕಿಂತ ಬೇರೆಯಾಗಿಯೇ ಇರುತ್ತದೆ, ಆಗ ಪರೀಕ್ಷೆ ಬಿಯರಿನದಾಗದೆ ಗಸಿಯದಾಗುತ್ತದೆ. ಎರಡರ ಬಣ್ಣದಲ್ಲಿ ವ್ಯತ್ಯಾಸವಿದ್ದರೆ ಮೊದಲ ಸುತ್ತಿಗೆ ಸ್ಟೀಲ್ ಲೋಟ ಬಳಸಿ. ಕಣ್ಣು ಚಾಡಿ ಹೇಳುವುದು ತಪ್ಪುತ್ತದೆ. ಲೋಟಗಳಿಗೆ ಒಂದು, ಎರಡು, ಮೂರು ಎಂದು ಹೆಸರಿಡದೆ 417, 862 ಎಂಬಂಥ ಅರ್ಥವಿಲ್ಲದ ಸಂಖ್ಯೆಗಳನ್ನು ಅಂಟಿಸಬೇಕು, ಏಕೆಂದರೆ ‘ಒಂದು’ ಎಂದ ಕೂಡಲೇ ಮನಸ್ಸು ಅದನ್ನು ಮೇಲು ಎಂದುಕೊಳ್ಳುತ್ತದೆ.

ಎರಡು ಬಿಯರುಗಳನ್ನು ಮೂರು ಲೋಟಗಳಲ್ಲಿ ಜೋಡಿಸುವ ಕ್ರಮಗಳು ಒಟ್ಟು ಆರು. ಆರು ಜನ ಗೆಳೆಯರಿದ್ದರೆ ಒಬ್ಬೊಬ್ಬರಿಗೆ ಒಂದೊಂದು ಕ್ರಮ ಬರುವಂತೆ ಹಂಚಬಹುದು. ಆರು ಜನರಲ್ಲಿ ನಾಲ್ವರು ಸರಿಯಾಗಿ ಗುರುತಿಸಿದರೆ ಹಿಗ್ಗಬೇಡಿ, ಕುಗ್ಗಲೂ ಬೇಡಿ. ಎಲ್ಲರೂ ಬರಿಯ ಊಹೆಯಿಂದ ಹೇಳಿದರೂ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಉತ್ತರಗಳು ಸರಿಯಾಗುವ ಸಾಧ್ಯತೆ ಶೇ. 10ರಷ್ಟಿದೆ. ಐವರು ಗುರುತಿಸಿದರೆ ಅದು ಶೇ. 2ಕ್ಕಿಂತ ಕಡಿಮೆಯಾಗುತ್ತದೆ; ಆಗ ವ್ಯತ್ಯಾಸ ನಿಜವೆಂದು ನಂಬಬಹುದು. ಯಾರೂ ಗುರುತಿಸಲಾಗದಿದ್ದರೆ, ನಿಮ್ಮ ಗ್ಯಾರೇಜಿನ ಬಿಯರ್ ನಲವತ್ತು ವರ್ಷಗಳಿಗೂ ಹೆಚ್ಚು ಅನುಭವವಿರುವ ಬಿಯರಿನ ಪಕ್ಕದಲ್ಲಿ ನಿಂತಿದೆ ಎಂದು ಸಂತೋಷಪಡಲು ಕಾರಣವಿದೆ.

ವ್ಯತ್ಯಾಸ ಕಂಡರೆ ಎರಡನೆಯ ಸುತ್ತಿನಲ್ಲಿ ತಲಾ ನಾಲ್ಕು ಗಾಜಿನ ಲೋಟಗಳನ್ನು ತೆಗೆದುಕೊಂಡು, ಮೂಗಿಗೆ ಬಂದದ್ದನ್ನೂ ನಾಲಿಗೆಗೆ ಬಂದದ್ದನ್ನೂ ಪ್ರತಿಯೊಬ್ಬರೂ ಮಾತನಾಡದೆ ಬರೆಯಬೇಕು. ಈ ಮೌನವನ್ನು ನಾನು ಬಹಳ ಒತ್ತಿ ಹೇಳುತ್ತೇನೆ. ಒಬ್ಬರು ‘ಬೆಣ್ಣೆಯ ವಾಸನೆ’ ಎಂದು ಬಾಯಿಬಿಟ್ಟರೆ ಸಾಕು, ಉಳಿದ ಐವರಿಗೂ ಬೆಣ್ಣೆಯೇ ಬರುತ್ತದೆ. ಅಮೆರಿಕದ ಮನೆಬಿಯರ್ ಸ್ಪರ್ಧೆಗಳಲ್ಲಿ ತೀರ್ಪುಗಾರರು ಬಳಸುವ ಅಂಕಪಟ್ಟಿಯಲ್ಲಿ ಒಟ್ಟು 50 ಅಂಕಗಳಿದ್ದು, ಪರಿಮಳಕ್ಕೆ 12, ರುಚಿಗೆ 20, ಬಾಯಿಯಲ್ಲಿನ ಅನುಭವಕ್ಕೆ 5, ಒಟ್ಟಾರೆ ಅಭಿಪ್ರಾಯಕ್ಕೆ 10 ಮೀಸಲಾಗಿವೆ. ನೋಟಕ್ಕೆ ಇರುವುದು ಕೇವಲ 3. ಹೊಸಬರು ಬಿಯರ್ ಮಬ್ಬಾಗಿದೆ ಎಂದೇ ಹೆಚ್ಚು ಕೊರಗುವುದರಿಂದ ಈ ಮೂರು ಅಂಕವನ್ನು ನೆನಪಿಸುತ್ತಿದ್ದೇನೆ.

ಬರೆದದ್ದನ್ನು ಓದಿ ಅರ್ಥ ಮಾಡಿಕೊಳ್ಳುವುದು ಹೀಗೆ. ಹಸಿ ಸೇಬಿನ ವಾಸನೆ ಎಂದು ಹಲವರು ಬರೆದಿದ್ದರೆ ಯೀಸ್ಟ್ ಕೆಲಸ ಮುಗಿಸುವ ಮುಂಚೆಯೇ ಬಾಟಲಿಗೆ ತುಂಬಿದ್ದೀರಿ. ಬೆಣ್ಣೆಯ ವಾಸನೆಗೂ ಸಾಮಾನ್ಯವಾಗಿ ಅದೇ ಅವಸರ ಕಾರಣ. ಹುದುಗುವಿಕೆಯ ಕೊನೆಯಲ್ಲಿ ಎರಡು ಮೂರು ದಿನ ತಣ್ಣಗೆ ಮಾಡದೆ ಹಾಗೆಯೇ ಬಿಟ್ಟರೆ ಯೀಸ್ಟ್ ತಾನು ಮಾಡಿದ್ದನ್ನು ತಾನೇ ಹೀರಿಕೊಳ್ಳುತ್ತದೆ. ಒದ್ದೆ ರಟ್ಟಿನ ವಾಸನೆ ಬಂದರೆ ತುಂಬುವಾಗ ಗಾಳಿ ಬೆರೆತಿದೆ. ಬಾಳೆಹಣ್ಣು ಮತ್ತು ಲವಂಗದ ಪರಿಮಳ ಜರ್ಮನಿಯ ಗೋಧಿ ಬಿಯರಿಗೆ ಶೋಭೆ, ಪೇಲ್ ಏಲ್‌ಗೆ ಅಲ್ಲ.

ಇನ್ನು ನೀವು ಹೇಳಿದ ಆಸ್ಪತ್ರೆಯ ವಾಸನೆ. ಗೆಳೆಯರು ಹೇಳದಿದ್ದರೂ ನಿಮ್ಮ ಮೂಗನ್ನು ನಾನು ನಂಬುತ್ತೇನೆ. ನಲ್ಲಿ ನೀರಿನ ಕ್ಲೋರಿನ್ ಮಾಲ್ಟಿನಲ್ಲಿರುವ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಫೀನಾಲ್ ಎಂಬ ವಸ್ತುಗಳ ಜೊತೆ ಸೇರಿದಾಗ ಉಂಟಾಗುವ ಕ್ಲೋರೋಫೀನಾಲ್ ಅತಿ ಸೂಕ್ಷ್ಮ ಪ್ರಮಾಣದಲ್ಲಿದ್ದರೂ ಬ್ಯಾಂಡೇಜಿನಂತೆ ನಾರುತ್ತದೆ. ನಿಮ್ಮ ಊರಿನ ನೀರು ಬಹಳ ಮೃದುವಾದದ್ದು, ಬಿಯರಿಗೆ ಹೇಳಿಮಾಡಿಸಿದ್ದು. ಆದರೆ ಅದನ್ನು ಶುದ್ಧವಾಗಿಡಲು ಕ್ಲೋರಿನ್ ಜೊತೆ ಅಮೋನಿಯಾ ಸೇರಿಸಿದ ಕ್ಲೋರಮೈನ್ ಬಳಸುತ್ತಾರೆ. ಬರಿಯ ಕ್ಲೋರಿನ್ ಆಗಿದ್ದರೆ ರಾತ್ರಿಯಿಡೀ ತೆರೆದಿಟ್ಟರೆ ಹಾರಿಹೋಗುತ್ತಿತ್ತು, ಕ್ಲೋರಮೈನ್ ಹಾಗೆ ಹೋಗುವುದಿಲ್ಲ. ಬಿಯರ್ ಸಾಮಾನಿನ ಅಂಗಡಿಗಳಲ್ಲಿ ಸಿಗುವ, ಕ್ಲೋರಮೈನನ್ನು ಇಲ್ಲವಾಗಿಸುವ ಕ್ಯಾಂಪ್ಡೆನ್ ಮಾತ್ರೆ ಒಂದು ಸುಮಾರು 75 ಲೀಟರ್ ನೀರಿಗೆ ಸಾಕಾಗುತ್ತದೆ; ನಿಮ್ಮ 20 ಲೀಟರಿಗೆ ಕಾಲು ಮಾತ್ರೆಗಿಂತ ಸ್ವಲ್ಪ ಹೆಚ್ಚು ಪುಡಿ ಮಾಡಿ ಹಾಕಿ, ಕಲಸಿ, ಕೆಲವು ನಿಮಿಷ ಬಿಟ್ಟು ಕೆಲಸ ಶುರು ಮಾಡಿ. ಪಾತ್ರೆ ತೊಳೆಯಲು ಬ್ಲೀಚ್ ಬಳಸುತ್ತಿದ್ದರೆ ಇಂದೇ ನಿಲ್ಲಿಸಿ. ನಂತರ ಮಾತ್ರೆ ಹಾಕಿದ ಬಿಯರನ್ನೂ ಹಾಕದೆ ಉಳಿದ ಹಳೆಯದನ್ನೂ ಅದೇ ತ್ರಿಕೋನ ಪರೀಕ್ಷೆಗೆ ಒಡ್ಡಿರಿ. ವಾಸನೆ ಆಗಲೂ ಹೋಗದಿದ್ದರೆ ಎಲ್ಲಿಂದಲೋ ಕಾಡು ಯೀಸ್ಟ್ ಹೊಕ್ಕಿದೆ ಎಂದುಕೊಂಡು ಬಿಯರ್ ತುಂಬುವ ಕೊಳವೆ, ಪಾತ್ರೆಯ ನಲ್ಲಿಗಳನ್ನು ಬದಲಾಯಿಸಬೇಕಾಗುತ್ತದೆ.

ಲೋಟಕ್ಕೆ 60 ಮಿ.ಲೀ. ಸಾಕು. ಮೊದಲ ಸುತ್ತಿನ ಮೂರು, ಎರಡನೆಯ ಸುತ್ತಿನ ನಾಲ್ಕು ಲೋಟ ಸೇರಿ 420 ಮಿ.ಲೀ.; ಶೇ. 5.5ರ ಬಿಯರಿನಲ್ಲಿ ಅಷ್ಟಕ್ಕೆ ಸುಮಾರು 18 ಗ್ರಾಂ ಮದ್ಯಸಾರವಿರುತ್ತದೆ. ಅಮೆರಿಕದ ಲೆಕ್ಕದಲ್ಲಿ ಒಂದು ‘ಡ್ರಿಂಕ್’ ಎಂದರೆ 14 ಗ್ರಾಂ. ಆದ್ದರಿಂದ ರುಚಿ ನೋಡಿದವರು ಕಾರು ಓಡಿಸಬಾರದು, ಉಗುಳಲು ಒಂದು ಪಾತ್ರೆಯನ್ನೂ ಸಂಕೋಚವಿಲ್ಲದೆ ಇಡಿ. ನಡುನಡುವೆ ಬಾಯಿ ಶುದ್ಧಿಗೆ ನೀರು ಮತ್ತು ಒಗ್ಗರಣೆ ಹಾಕದ ಸಪ್ಪೆ ಮಂಡಕ್ಕಿ ಇರಲಿ. ಚಕ್ಕುಲಿ, ಈರುಳ್ಳಿ ಬೆರೆಸಿದ ಕಡಲೆಕಾಯಿ ಎಲ್ಲವೂ ಪರೀಕ್ಷೆ ಮುಗಿದ ಮೇಲೆ. ತುಟಿಯ ಎಣ್ಣೆ ನೊರೆಯನ್ನು ಕ್ಷಣದಲ್ಲಿ ಕೊಲ್ಲುತ್ತದೆ. ಆ ಸಂಜೆ ಮನೆಯಲ್ಲಿ ಊದುಬತ್ತಿ ಹಚ್ಚಬೇಡಿ.

ಪ್ರಶ್ನೆ: ಬೆಂಗಳೂರಿನಲ್ಲಿ ನಾನೂ ಮನೆಯಲ್ಲೇ ಬಿಯರ್ ತಯಾರಿಸಬಹುದೇ? ಇಲ್ಲವಾದರೆ ಅಂಗಡಿಯ ಬಿಯರುಗಳಿಂದಲೇ ರುಚಿ ಕಲಿಯುವ ದಾರಿ ಇದೆಯೇ? — ಓದುಗರೊಬ್ಬರು, ಜಯನಗರ

ಉತ್ತರ: ತಯಾರಿಸುವಂತಿಲ್ಲ. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು ಮನೆಬಳಕೆಗೆ ಬಿಯರ್ ಮಾಡುವವರಿಗೆ ತೆರಿಗೆಯಿಂದ ವಿನಾಯಿತಿ ಕೊಟ್ಟಿತು. ಆದರೆ ಇಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ.

ಕಲಿಯುವ ದಾರಿ ಮಾತ್ರ ತೆರೆದೇ ಇದೆ. ಮೊದಲು ಲೇಬಲ್ ಓದುವ ಅಭ್ಯಾಸ ಮಾಡಿಕೊಳ್ಳಿ. ನಮ್ಮ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಮದ್ಯಸಾರ ಶೇ. 5 ದಾಟಿ 8ರವರೆಗೆ ಇರುವುದು ಸ್ಟ್ರಾಂಗ್, ಅದಕ್ಕಿಂತ ಕಡಿಮೆಯದು ಮೈಲ್ಡ್. ಇವೆರಡನ್ನು ಎದುರುಬದುರು ಇಡಬೇಡಿ. ಸ್ಟ್ರಾಂಗ್ ಬಿಯರಿನ ಗಂಟಲು ಬಿಸಿ ಮಾಡುವ ಗುಣ ಉಳಿದೆಲ್ಲವನ್ನೂ ಮುಚ್ಚಿಹಾಕುತ್ತದೆ. ಮೈಲ್ಡ್ ಲಾಗರುಗಳನ್ನೇ ನಾಲ್ಕು ತಂದು, ತಯಾರಿಕೆಯ ದಿನಾಂಕ ನೋಡಿ, ಒಂದೇ ತಿಂಗಳಿನವನ್ನು ಹೋಲಿಸಿ.

ನಾನು ಎಲ್ಲರಿಗೂ ಮಾಡಿನೋಡಿ ಎಂದು ಹೇಳುವ ಪ್ರಯೋಗವೊಂದಿದೆ. ಹಸಿರು ಅಥವಾ ಬಣ್ಣವಿಲ್ಲದ ಗಾಜಿನ ಬಾಟಲಿಯಲ್ಲಿ ಬರುವ ಯಾವುದಾದರೂ ಬಿಯರಿನ ಎರಡು ಬಾಟಲಿ ತಂದು, ಒಂದನ್ನು ಫ್ರಿಜ್ಜಿನಲ್ಲಿಟ್ಟು ಇನ್ನೊಂದನ್ನು ತಾರಸಿಯ ಬಿಸಿಲಿನಲ್ಲಿ ಒಂದು ಗಂಟೆ ಬಿಡಿ. ನಂತರ ಎರಡನ್ನೂ ಒಟ್ಟಿಗೆ ತಣ್ಣಗೆ ಮಾಡಿ ಮೂಸಿ ನೋಡಿ. ಹಾಪ್ಸಿನ ಕಹಿಯ ಅಂಶ ಬೆಳಕಿಗೆ ಒಡೆದು, ಗಂಧಕವಿರುವ ವಸ್ತುಗಳೊಂದಿಗೆ ಕೂಡಿ, ಸುಟ್ಟ ರಬ್ಬರಿನಂಥ ಕಮಟು ವಾಸನೆಯನ್ನು ಹುಟ್ಟಿಸಿರುತ್ತದೆ. ಕಂದು ಗಾಜು ಇದನ್ನು ಬಹುಮಟ್ಟಿಗೆ ತಡೆಯುತ್ತದೆ, ಕ್ಯಾನ್ ಪೂರ್ತಿಯಾಗಿ ತಡೆಯುತ್ತದೆ. ಅಂಗಡಿಯ ಮುಂಭಾಗದಲ್ಲಿ ಬಿಸಿಲಿಗೆ ಜೋಡಿಸಿದ ಹಸಿರು ಬಾಟಲಿಯನ್ನು ನೀವು ಆಮೇಲೆ ಎಂದೂ ಕೊಳ್ಳಲಾರಿರಿ. ಬಾಳೆಹಣ್ಣು ಮತ್ತು ಲವಂಗದ ಪರಿಮಳ ಕಲಿಯಬೇಕೆಂದರೆ ನಗರದ ಮೈಕ್ರೋಬ್ರೂವರಿಯೊಂದರಲ್ಲಿ ಗೋಧಿ ಬಿಯರಿನ ಸಣ್ಣ ಲೋಟ ಕೇಳಿ ಪಡೆಯಿರಿ. ಅದು ಹೊಸದಾಗಿದ್ದಷ್ಟೂ ಪಾಠ ಸ್ಪಷ್ಟ.

ಪ್ರಶ್ನೆ: ಮನೆಯಲ್ಲಿ ಮಾಡಿದ ಬಿಯರಿನ ಬಾಟಲಿ ತೆರೆದ ಕೂಡಲೇ ಅರ್ಧ ಬಿಯರ್ ನೊರೆಯಾಗಿ ಉಕ್ಕಿ ಚೆಲ್ಲುತ್ತದೆ. ಮುಂದಿನ ವಾರ ಬರುವ ಭಾವನವರಿಗೆ ರುಚಿ ತೋರಿಸುವುದು ಹೇಗೆ? — ಓದುಗರೊಬ್ಬರು, ರೆಡಿಂಗ್, ಇಂಗ್ಲೆಂಡ್

ಉತ್ತರ: ಭಾವನವರ ವಿಚಾರ ಆಮೇಲೆ, ಮೊದಲು ಆ ಬಾಟಲಿಗಳ ಬಗ್ಗೆ ಎಚ್ಚರ ವಹಿಸಿ. ಉಕ್ಕುವ ಬಾಟಲಿ ಸಿಡಿಯಲೂಬಹುದು, ಗಾಜಿನ ಚೂರು ಕಣ್ಣಿಗೆ ಬಿದ್ದರೆ ಅನಾಹುತ. ಕನ್ನಡಕ ಮತ್ತು ದಪ್ಪ ಕೈಗವಸು ತೊಟ್ಟು, ಬಾಟಲಿಗಳನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಗೆ ಮೆಲ್ಲಗೆ ಇಳಿಸಿ, ತಂಪಾದ ಜಾಗದಲ್ಲಿಡಿ. ಚೆನ್ನಾಗಿ ತಣಿದ ಮೇಲೆ ದಪ್ಪ ಟವೆಲ್ ಸುತ್ತಿ ಒಂದೊಂದೇ ಮುಚ್ಚಳವನ್ನು ಸ್ವಲ್ಪವೇ ಎತ್ತಿ ಗ್ಯಾಸ್ ಬಿಡಿ. ಮಕ್ಕಳು ಹತ್ತಿರ ಸುಳಿಯಬಾರದು.

ಕಾರಣಗಳು ಮೂರಿರಬಹುದು: ಬಾಟಲಿಗೆ ಹಾಕಿದ ಸಕ್ಕರೆ ಹೆಚ್ಚಾಗಿದೆ, ಹುದುಗುವಿಕೆ ಮುಗಿಯದೆ ತುಂಬಿದ್ದೀರಿ, ಇಲ್ಲವೇ ಬೇರೆ ಸೂಕ್ಷ್ಮಜೀವಿ ಸೇರಿದೆ. ಲೀಟರಿಗೆ 6 ಗ್ರಾಂ ಸಕ್ಕರೆ ಸಾಕು, ಅಂದರೆ 20 ಲೀಟರಿಗೆ 120 ಗ್ರಾಂ; ಚಮಚದಿಂದ ಅಳೆಯದೆ ತಕ್ಕಡಿಯಲ್ಲಿ ತೂಗಿ. ತುಂಬುವ ಮುಂಚೆ, ಬಿಯರಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನ ಅಂಕಿ ಮೂರು ದಿನ ಕದಲದೆ ನಿಂತಿರಬೇಕು, 1.050ರಿಂದ ಶುರುವಾದ ಬಿಯರ್ 1.012ಕ್ಕೆ ಬಂದು ನಿಂತರೆ ಅದರಲ್ಲಿ ಸುಮಾರು ಶೇ. 5 ಮದ್ಯಸಾರವಿದೆ ಎಂದೂ ಅದೇ ಅಂಕಿ ತಿಳಿಸುತ್ತದೆ. ಉಕ್ಕಿದ ಬಿಯರ್ ಹುಳಿಯಾಗಿದ್ದರೆ ಮೂರನೆಯ ಕಾರಣವೇ ಸರಿ, ಅದನ್ನು ಚೆಲ್ಲಿಬಿಡಿ. ಹುಳಿಯಿಲ್ಲದಿದ್ದರೆ, ಗ್ಯಾಸ್ ಬಿಟ್ಟು ಮತ್ತೆ ಮುಚ್ಚಿ ಫ್ರಿಜ್ಜಿನಲ್ಲಿಟ್ಟ ಬಾಟಲಿಯನ್ನು, ನಿಮ್ಮೂರಿನ ಅಂಗಡಿಯಲ್ಲಿ ಸಿಗುವ ಅದೇ ಜಾತಿಯ ಏಲ್ ಜೊತೆ, ಮೇಲೆ ವಿವರಿಸಿದ ಮೂರು ಲೋಟಗಳಲ್ಲಿ ಭಾವನವರ ಮುಂದಿಡಿ.