ಮೇ ತಿಂಗಳಲ್ಲೂ ನಡೆಯಲು ಆಗುವಷ್ಟು ನಡೆಯಿರಿ

ಪ್ರಶ್ನೆ: ನಾನು ರಾಯಚೂರಿನವಳು, 64 ವರ್ಷ, ನಿವೃತ್ತ ಶಿಕ್ಷಕಿ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತೇನೆ. ಮಗ ಕೈಗೆ ವಾಚ್ ಕಟ್ಟಿ ದಿನಕ್ಕೆ 10,000 ಹೆಜ್ಜೆ ಹಾಕಲೇಬೇಕು ಎಂದಿದ್ದಾನೆ. ಜನವರಿಯಲ್ಲಿ ಶುರು ಮಾಡಿದೆ, ಮಾರ್ಚ್ ಬಿಸಿಲಿಗೆ ನಿಂತುಹೋಯಿತು. ಮೊಣಕಾಲೂ ನೋಯುತ್ತದೆ. ನಡೆದಷ್ಟೂ ಮೊಣಕಾಲು ಸವೆಯುತ್ತದೆ ಎಂದು ಓಣಿಯವರು ಹೆದರಿಸುತ್ತಾರೆ. ಏನು ಮಾಡಲಿ?

ಉತ್ತರ: ಅಕ್ಕೋರೆ, ನೀವು ನಿಲ್ಲಿಸಿದ್ದು ಸೋಮಾರಿತನದಿಂದ ಅಲ್ಲ. ಲೆಕ್ಕವೇ ನಮ್ಮೂರಿನದಲ್ಲ. 10,000 ಹೆಜ್ಜೆ ಎಂಬ ಅಂಕಿ 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಒಂದು ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಬಂದದ್ದು. ಯಾವ ವೈದ್ಯರೂ ಬರೆದುಕೊಟ್ಟ ಅಳತೆ ಅಲ್ಲ. 60 ದಾಟಿದವರಿಗೆ 6,000ದಿಂದ 8,000 ಹೆಜ್ಜೆಯ ಹೊತ್ತಿಗೇ ಲಾಭದ ಬಹುಪಾಲು ಸಿಕ್ಕಿರುತ್ತದೆ ಎಂದು 2022ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯೊಂದು ತೋರಿಸಿದೆ. ಈಗ 2,000 ನಡೆಯುತ್ತಿದ್ದರೆ 3,000 ಮಾಡಿದರೂ ಲಾಭವೇ.

ನಾನು ನನ್ನ ರೋಗಿಗಳಿಗೆ ಬೇರೆ ರೀತಿ ಹೇಳುತ್ತೇನೆ. ಜನವರಿಯ ತಂಪಿನಲ್ಲಿ ಎಷ್ಟು ಆಗುತ್ತದೆ ಎಂದು ನೋಡಬೇಡಿ. ರಾಯಚೂರಿನ ಮೇ ತಿಂಗಳಲ್ಲಿ, 40 ಡಿಗ್ರಿ ದಾಟಿದ ದಿನ, ಎಷ್ಟು ಆಗುತ್ತದೋ ಅದನ್ನೇ ನಿಮ್ಮ ಅಳತೆ ಮಾಡಿಕೊಳ್ಳಿ. ತಂಪು ಇದ್ದಾಗ ಜಾಸ್ತಿ ನಡೆದರೆ ಅದು ಮೇಲಿನ ಗಳಿಕೆ.

ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷ ಎನ್ನುತ್ತದೆ. ಮೂರು ಹೊತ್ತು ಊಟ, ಪ್ರತಿ ಊಟದ ನಂತರ 10 ನಿಮಿಷ, ವಾರಕ್ಕೆ ಐದು ದಿನ. ಲೆಕ್ಕ ಹಾಕಿ ನೋಡಿ, 150 ಆಯಿತು ಅಲ್ವಾ? ಇದಕ್ಕೆ ಬೀದಿಯೇ ಬೇಕಿಲ್ಲ. ಮಧ್ಯಾಹ್ನ ಪಡಸಾಲೆಯಲ್ಲಿ, ರಾತ್ರಿ ಮಾಳಿಗೆ ಮೇಲೆ. ಸ್ವಲ್ಪ ಬಿರುಸಾಗಿ ನಡೆಯಿರಿ: ಮಾತಾಡಲು ಆಗಬೇಕು, ಹಾಡಲು ಆಗಬಾರದು. ಉಂಡ ಮೇಲೆ ನಡೆದರೆ ಏರುವ ಸಕ್ಕರೆಯನ್ನು ಕಾಲಿನ ಸ್ನಾಯುಗಳು ಎಳೆದುಕೊಳ್ಳುತ್ತವೆ. ಎರಡು ಜೋಳದ ರೊಟ್ಟಿ ಉಂಡು ಸುಮ್ನೆ ಒರಗುವುದಕ್ಕೂ ಹತ್ತು ನಿಮಿಷ ಓಡಾಡುವುದಕ್ಕೂ ಇರುವ ವ್ಯತ್ಯಾಸ ಗ್ಲುಕೋಮೀಟರಿನಲ್ಲೇ ಕಾಣುತ್ತದೆ. ಮನೆಯಲ್ಲಿ ಮೀಟರ್ ಇದ್ದರೆ ಒಂದು ದಿನ ನೀವೇ ನೋಡಿ.

ಹೊರಗೆ ಹೋಗುವುದಾದರೆ ನಸುಕಿನಲ್ಲಿ ಹೋಗಿ, ಆರೂವರೆಯೊಳಗೆ ಮನೆ ಸೇರಿ. ಬೇಸಿಗೆಯ ಸಂಜೆಯನ್ನು ನಂಬಬೇಡಿ. ಸೂರ್ಯ ಮುಳುಗಿದರೂ ಡಾಂಬರು ಮತ್ತು ಗೋಡೆಗಳು ಬಹಳ ಹೊತ್ತು ಬಿಸಿ ಕಾರುತ್ತಿರುತ್ತವೆ. ವಯಸ್ಸಾದಂತೆ ಬಾಯಾರಿಕೆ ಸರಿಯಾಗಿ ತಿಳಿಯುವುದಿಲ್ಲ. ಹಾಗಾಗಿ ಹೊರಡುವ ಮುಂಚೆಯೇ ನೀರು ಕುಡಿಯಿರಿ. ನಿಮ್ಮ ಮಾತ್ರೆಯಲ್ಲಿ ಗ್ಲಿಮಿಪಿರೈಡ್ ಇದ್ದರೆ ಅಥವಾ ಇನ್ಸುಲಿನ್ ಇದ್ದರೆ ಖಾಲಿ ಹೊಟ್ಟೆಯಲ್ಲಿ ದೂರ ಹೋಗಬೇಡಿ, ಸಕ್ಕರೆ ಕುಸಿಯಬಹುದು. ಸೆರಗಿನ ತುದಿಗೆ ಸ್ವಲ್ಪ ಬೆಲ್ಲ ಇರಲಿ. ಬರಿಗಾಲಲ್ಲಿ ನಡೆಯಲೇಬೇಡಿ. ಸಕ್ಕರೆ ಕಾಯಿಲೆಯಲ್ಲಿ ಪಾದದ ಸ್ಪರ್ಶ ಕಡಿಮೆಯಾಗಿ ಮುಳ್ಳು ಚುಚ್ಚಿದ್ದೂ ಗೊತ್ತಾಗದೆ ಹೋಗಬಹುದು.

ಈಗ ಮೊಣಕಾಲು. ಓಣಿಯವರ ಮಾತು ತಪ್ಪು. ಕೀಲಿನ ಮೃದ್ವಸ್ಥಿಗೆ, ಅಂದರೆ ಮೂಳೆಗಳ ತುದಿಗೆ ಹೊದ್ದಿರುವ ನುಣುಪಾದ ಪದರಕ್ಕೆ, ರಕ್ತನಾಳಗಳಿಲ್ಲ. ಕೀಲು ಆಡಿದಾಗ ಒಳಗಿನ ದ್ರವ ಒತ್ತಿ ಬಿಟ್ಟು ಅದಕ್ಕೆ ಆಹಾರ ಒದಗಿಸುತ್ತದೆ. ಕುಳಿತರೇ ಅದಕ್ಕೆ ಕಷ್ಟ. ನಡೆಯುವಾಗ ಸ್ವಲ್ಪ ನೋವು ಬಂದು ಮರುದಿನಕ್ಕೆ ಇಳಿದರೆ ಮುಂದುವರಿಸಿ. ಮರುದಿನ ಜಾಸ್ತಿಯಾದರೆ, ಊದಿಕೊಂಡರೆ, ಅರ್ಧಕ್ಕೆ ಇಳಿಸಿ ವೈದ್ಯರಿಗೆ ತೋರಿಸಿ. ಇನ್ನೊಂದು ಮಾತು: ನಮ್ಮ ರಾಯಚೂರು, ಕೊಪ್ಪಳ ಕಡೆ ಎಷ್ಟೋ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ವರ್ಷಗಟ್ಟಲೆ ಕುಡಿದರೆ ಅದು ಮೂಳೆ, ಕೀಲುಗಳನ್ನು ಬಿಗಿಯಾಗಿಸಬಹುದು. ಮೊಣಕಾಲಿನ ಜೊತೆ ಬೆನ್ನು, ಕುತ್ತಿಗೆಯೂ ಬಿಗಿಯುತ್ತಿದ್ದರೆ ಅದನ್ನು ವೈದ್ಯರಿಗೆ ಹೇಳಲು ಮರೆಯಬೇಡಿ.

ಮೊಣಕಾಲನ್ನು ಕಾಯುವುದು ತೊಡೆಯ ಸ್ನಾಯು. ಅದಕ್ಕೆ ನಡಿಗೆಯೊಂದೇ ಸಾಲದು. ಗೋಡೆಗೆ ಒತ್ತಿ ಇಟ್ಟ ಗಟ್ಟಿ ಕುರ್ಚಿಯಲ್ಲಿ ಕೂತು, ಎದೆಗೆ ಕೈ ಕಟ್ಟಿ, ಏಳಿ, ಕೂಡಿ. 30 ಸೆಕೆಂಡಿನಲ್ಲಿ ಎಷ್ಟು ಸಲ ಆಗುತ್ತದೆ ಎಣಿಸಿ. ನಿಮ್ಮ ವಯಸ್ಸಿನ ಹೆಂಗಸರಿಗೆ 12ಕ್ಕಿಂತ ಕಡಿಮೆಯಾದರೆ ಕಾಲಿನ ಬಲ ಕಡಿಮೆ ಎಂದರ್ಥ. ಕೈ ಊರದೆ ಆಗದಿದ್ದರೆ ಊರಿಯೇ ಶುರು ಮಾಡಿ. ದಿನ ಬಿಟ್ಟು ದಿನ, ಹತ್ತತ್ತು ಸಲ, ಎರಡು ಸುತ್ತು. ಚಹಾ ಕುದಿಯುವಾಗ ಅಡುಗೆ ಕಟ್ಟೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲಿ, ಬೀಳದಂತೆ ಕಾಪಾಡುವ ಅಭ್ಯಾಸ ಅದು. ತಟ್ಟೆಯಲ್ಲಿ ಹೆಸರುಕಾಳು, ಮಡಿಕೆಕಾಳು, ಮೊಸರು ದಿನಾ ಇರಲಿ. ಸ್ನಾಯು ಕಟ್ಟಲು ಪ್ರೋಟೀನ್ ಬೇಕು.

ಮಗನಿಗೆ ಹೇಳಿ, ವಾಚಿನಲ್ಲಿ ಗುರಿಯನ್ನು 4,000ಕ್ಕೆ ಇಳಿಸಿಕೊಡಲಿ. ದೀಪಾವಳಿ ಕಳೆದ ಮೇಲೆ ಏರಿಸಿದರಾಯಿತು.

ಪ್ರಶ್ನೆ: ನನಗೆ 58 ವರ್ಷ. ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಪ್ರತಿ ಶನಿವಾರ ಅಂಜನಾದ್ರಿಯ 575 ಮೆಟ್ಟಿಲು ಹತ್ತುತ್ತೇನೆ. ಉಳಿದ ದಿನ ಕುರ್ಚಿಯೇ ಗತಿ. ಇಷ್ಟು ಸಾಕೇ ಸರ್?

ಉತ್ತರ: ಬೆಟ್ಟ ಬಿಡಬೇಡಿ, ತುಂಬಾ ಒಳ್ಳೆಯದು. ಆದರೆ ಒಂದು ಸಲದ ವ್ಯಾಯಾಮ ಸಕ್ಕರೆಯ ಮೇಲೆ ಮಾಡುವ ಒಳ್ಳೆಯ ಪರಿಣಾಮ ಒಂದೆರಡು ದಿನದಲ್ಲಿ ಇಳಿಯುತ್ತದೆ. ಹಾಗಾಗಿ ಸೋಮವಾರ, ಬುಧವಾರ, ಗುರುವಾರ ಅರ್ಧ ಗಂಟೆ ಸಮತಟ್ಟು ದಾರಿಯಲ್ಲಿ ನಡೆಯಿರಿ. ಮಿಲ್ಲಿನಲ್ಲಿ ಗಂಟೆಗೊಮ್ಮೆ ಎದ್ದು ಎರಡು ನಿಮಿಷ ಓಡಾಡಿ. ಮೆಟ್ಟಿಲು ಇಳಿಯುವಾಗ ಮೊಣಕಾಲಿಗೆ ಭಾರ ಜಾಸ್ತಿ, ಕಂಬಿ ಹಿಡಿದು ನಿಧಾನವಾಗಿ ಇಳಿಯಿರಿ. ಹತ್ತುವಾಗ ಎದೆ ಬಿಗಿದರೆ, ಎಡಗೈ ಅಥವಾ ದವಡೆ ನೊಂದರೆ, ದರ್ಶನದ ಯೋಚನೆ ಬಿಟ್ಟು ಅಲ್ಲೇ ಕೂತುಬಿಡಿ. ಜೊತೆಯವರನ್ನು ಕರೆಯಿರಿ, 108ಕ್ಕೆ ಫೋನ್ ಮಾಡಿಸಿ. ನೋವು ಇಳಿದರೂ ಅದೇ ದಿನ ಇಸಿಜಿ ಮಾಡಿಸಬೇಕು.